ಕೂಸಿಗೂ ಒಂದು ಸೀಟು ಬೇಕು

ಹೆರಿಗೆಗೆಂದು ತವರಿಗೆ ಬಂದ ಮಗಳು ಬಾಣಂತನ ಮುಗಿಸಿ, ಐದಾರು ತಿಂಗಳ ಕೂಸನ್ನು ಎತ್ತಿಕೊಂಡು ಗಂಡನಿರುವ ಡಲ್ಲಾಸಿಗೋ ಲಂಡನ್ನಿಗೋ ಹೊರಡುವುದು ಈಗ ಕರ್ನಾಟಕದ ಸಣ್ಣ ಊರುಗಳಲ್ಲೂ ಹೊಸ ಸಂಗತಿಯಲ್ಲ. ಅಲ್ಲೇ ಹುಟ್ಟಿದ ಮಗುವನ್ನು ಅಜ್ಜಿ ತಾತನಿಗೆ ತೋರಿಸಲು, ಮನೆದೇವರ ಸನ್ನಿಧಿಯಲ್ಲಿ ಮುಡಿ ಕೊಡಿಸಲು ಕರೆತರುವವರೂ ಇದ್ದಾರೆ. ಇಂಥ ಮೊದಲ ಪಯಣಕ್ಕೆ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಮಗುವಿನ ಪಾಸ್‌ಪೋರ್ಟ್, ವೀಸಾ ಅಥವಾ ಒಸಿಐ ಕಾರ್ಡು, ಲಸಿಕೆಯ ಚೀಟಿ, ಡೈಪರಿನ ಲೆಕ್ಕ, ಬಿಸಿನೀರಿನ ಫ್ಲಾಸ್ಕು, ಕಿವಿನೋವು ಬಂದರೆ ಏನು ಮಾಡುವುದು, ರಾತ್ರಿಯಿಡೀ ಅತ್ತರೆ ಪಕ್ಕದವರು ಏನೆಂದುಕೊಂಡಾರು ಎಂದೆಲ್ಲ ಮನೆಮಂದಿ ಚರ್ಚಿಸುತ್ತಾರೆ. ಆದರೆ ವಿಮಾನ ನೆಲ ಬಿಡುವಾಗ, ನೆಲ ಮುಟ್ಟುವಾಗ, ನಡುವೆ ಆಕಾಶದಲ್ಲಿ ಕುಲುಕಿದಾಗ ಈ ಮಗುವನ್ನು ಹಿಡಿದಿಡುವುದು ಏನು ಎಂದು ಯಾರೂ ಕೇಳುವುದಿಲ್ಲ. ಎರಡು ವರ್ಷ ತುಂಬದ ಮಗು ದೊಡ್ಡವರ ಮಡಿಲಲ್ಲೇ ಕೂತು ಹೋಗಬಹುದು ಎಂಬ ನಿಯಮ ಭಾರತವೂ ಸೇರಿ ಬಹುತೇಕ ದೇಶಗಳಲ್ಲಿದೆ. ಈ ರಿಯಾಯಿತಿ ಮಗುವಿನ ಹಿತಕ್ಕೆ ವಿರುದ್ಧವಾದದ್ದು. ದೂರದ ಅಂತರರಾಷ್ಟ್ರೀಯ ಹಾರಾಟಗಳಲ್ಲಾದರೂ ಹಸುಳೆಗೆ ಬೆಲ್ಟು ಬಿಗಿದ ತನ್ನದೇ ಸೀಟು ಕಡ್ಡಾಯವಾಗಬೇಕು, ಅದರ ಪೂರ್ತಿ ಹೊರೆ ತಂದೆತಾಯಿಯ ಮೇಲೆ ಬೀಳಬಾರದು.

ಟೇಕಾಫ್‌ಗೆ ಮುಂಚೆ ವಿಮಾನದೊಳಗೆ ನಡೆಯುವ ತಪಾಸಣೆಯನ್ನು ಗಮನಿಸಿ. ಗಗನಸಖಿಯರು ಸಾಲುಸಾಲಾಗಿ ನೋಡುತ್ತ ಬರುತ್ತಾರೆ. ಊಟದ ಟ್ರೇ ಮಡಿಚಿರಬೇಕು, ಸೀಟಿನ ಬೆನ್ನು ನೆಟ್ಟಗಿರಬೇಕು, ಕೈಚೀಲ ಮುಂದಿನ ಸೀಟಿನ ಕೆಳಗೆ ಹೋಗಿರಬೇಕು, ಮೇಲಿನ ಪೆಟ್ಟಿಗೆಗಳ ಬಾಗಿಲು ಗಟ್ಟಿಯಾಗಿ ಮುಚ್ಚಿರಬೇಕು. ಅಡುಗೆ ಕಟ್ಟೆಯ ಕಾಫಿ ಪಾತ್ರೆಗೂ ಕೊಂಡಿ ಬೀಳುತ್ತದೆ. ಬಿಡಿಯಾಗಿ ಬಿಟ್ಟ ಯಾವ ವಸ್ತುವೂ ಅಪಘಾತದಲ್ಲಿ ಗುಂಡಿನಂತೆ ಹಾರುತ್ತದೆ ಎಂಬ ಅರಿವೇ ಇದಕ್ಕೆಲ್ಲ ಕಾರಣ. ಇಷ್ಟು ನಿಗಾ ಇರುವ ಜಾಗದಲ್ಲಿ ಎಂಟು ಕೆ.ಜಿ. ತೂಕದ ಜೀವವೊಂದನ್ನು ಮಾತ್ರ ಯಾವುದಕ್ಕೂ ಸರಿಯಾಗಿ ಕಟ್ಟದೆ ಬಿಡುತ್ತೇವೆ. ಈಗಿನ ವಿಮಾನದ ಸೀಟುಗಳನ್ನು ಗುರುತ್ವದ 16 ಪಟ್ಟು ಬಲ ಮುಂದಕ್ಕೆ ಎಳೆದರೂ ತಡೆದುಕೊಳ್ಳುವಂತೆ ಪರೀಕ್ಷಿಸಲಾಗುತ್ತದೆ. ಅದೇ ಲೆಕ್ಕ ಹಿಡಿದರೆ, ಆ ಕ್ಷಣದಲ್ಲಿ ಎಂಟು ಕೆ.ಜಿ. ಮಗುವನ್ನು ಹಿಡಿದಿಟ್ಟುಕೊಳ್ಳಲು ತಾಯಿ 128 ಕೆ.ಜಿ. ತೂಕವನ್ನು ತಡೆಯುವಷ್ಟು ಬಲ ಹಾಕಬೇಕು. ಪ್ರೀತಿ ಎಷ್ಟೇ ಇದ್ದರೂ ತೋಳಿಗೆ ಆ ಶಕ್ತಿ ಬರುವುದಿಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. 1989ರ ಜುಲೈ 19ರಂದು ಡೆನ್ವರಿನಿಂದ ಷಿಕಾಗೋಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನದ ಬಾಲದ ಎಂಜಿನ್ ಸಿಡಿದು, ನಿಯಂತ್ರಣ ವ್ಯವಸ್ಥೆಯೇ ಕೈಕೊಟ್ಟು, ಅಯೋವಾದ ಸೂ ಸಿಟಿಯಲ್ಲಿ ಅದು ನೆಲಕ್ಕೆ ಅಪ್ಪಳಿಸಿತು. ಮಡಿಲಲ್ಲಿ ಕೂತು ಬಂದ ನಾಲ್ಕು ಮಕ್ಕಳು ಅದರಲ್ಲಿದ್ದರು. ಅಪ್ಪಳಿಸುವ ಮುಂಚೆ ಮುಖ್ಯ ಗಗನಸಖಿ ಜ್ಯಾನ್ ಬ್ರೌನ್ ಅಂದಿನ ಕೈಪಿಡಿಯಲ್ಲಿದ್ದ ಸೂಚನೆಯನ್ನೇ ತಾಯಂದಿರಿಗೆ ಹೇಳಿದರು: ಮಗುವನ್ನು ಕಾಲ ಬಳಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿ. ಇಬ್ಬರು ತಾಯಂದಿರ ಕೈಯಿಂದ ಮಕ್ಕಳು ತಪ್ಪಿಹೋದವು. ನಾಲ್ವರಲ್ಲಿ ಒಂದು ಮಗು ಉಳಿಯಲಿಲ್ಲ. ತಮ್ಮ ಬಾಯಿಂದ ಬಂದ ಆ ಸೂಚನೆಯ ಭಾರ ಹೊತ್ತ ಬ್ರೌನ್, ಪ್ರತಿ ಮಗುವಿಗೂ ಸೀಟು ಕೊಡಿ ಎಂದು ದಶಕಗಳ ಕಾಲ ಅಮೆರಿಕದ ಆಡಳಿತದ ಬಾಗಿಲು ತಟ್ಟಿದರು. 1994ರ ಜುಲೈ 2ರಂದು ಷಾರ್ಲಟ್‌ನಲ್ಲಿ ಯುಎಸ್ ಏರ್‌ನ 1016ನೇ ವಿಮಾನ ಬಿದ್ದಾಗ ಒಂಬತ್ತು ತಿಂಗಳ ಮಗು ತಾಯಿಯ ಹಿಡಿತದಿಂದ ಜಾರಿ ಸತ್ತಿತು, ತಾಯಿ ಬದುಕುಳಿದರು. ಅಮೆರಿಕದ ಅಪಘಾತ ತನಿಖಾ ಮಂಡಳಿ 1990ರಿಂದಲೇ ಶಿಶುಗಳಿಗೆ ಪ್ರತ್ಯೇಕ ಸೀಟು ಕಡ್ಡಾಯ ಮಾಡಿ ಎನ್ನುತ್ತಿದೆ. ಮಕ್ಕಳ ವೈದ್ಯರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2001ರಲ್ಲಿ ಅದೇ ಮಾತನ್ನು ಹೇಳಿತು. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ ವಿಮಾನದ ಪಕ್ಕದ ಗೋಡೆಯ ತುಂಡೊಂದು ಆಕಾಶದಲ್ಲೇ ಕಿತ್ತುಹೋದಾಗ ಅದರಲ್ಲಿ ಮೂರು ಮಡಿಲ ಕೂಸುಗಳಿದ್ದವು. ಆ ರಂಧ್ರಕ್ಕೆ ತಾಗಿದ ಎರಡು ಸೀಟುಗಳು ಅಂದು ಖಾಲಿಯಿದ್ದದ್ದು ಅದೃಷ್ಟ.

ಮಡಿಲ ಮಗುವಿಗೂ ಪುಟ್ಟ ಬೆಲ್ಟು ಕೊಡುತ್ತಾರಲ್ಲ ಎಂದು ಕೆಲವರು ಕೇಳಬಹುದು. ಭಾರತದ, ಯುರೋಪಿನ, ಕೊಲ್ಲಿ ದೇಶಗಳ ವಿಮಾನಗಳಲ್ಲಿ ಕೊಡುವುದು ನಿಜ. ಲೂಪ್ ಬೆಲ್ಟ್ ಎಂಬ ಆ ಪಟ್ಟಿ ತಾಯಿಯ ಬೆಲ್ಟಿಗೆ ಪೋಣಿಸಿಕೊಂಡು ಮಗುವಿನ ಹೊಟ್ಟೆಯನ್ನು ಸುತ್ತುತ್ತದೆ. ಮಗು ಹಾರಿಹೋಗದಂತೆ ಅದು ತಡೆಯುತ್ತದೆ. ಆದರೆ ಜೋರಾದ ಹೊಡೆತಕ್ಕೆ ತಾಯಿಯ ದೇಹ ಸೊಂಟದಿಂದ ಮುಂದಕ್ಕೆ ಮಡಿಚಿಕೊಂಡಾಗ ನಡುವೆ ಸಿಲುಕಿ ಅಪ್ಪಚ್ಚಿಯಾಗುವುದು ಮಗುವೇ. ಈ ಕಾರಣಕ್ಕೇ ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಅದನ್ನು ಬಳಸಲು ಅಮೆರಿಕ ಬಿಡುವುದಿಲ್ಲ. ಯುರೋಪು ಅದನ್ನೇ ಬೇಕೆನ್ನುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿನವರೆಗೆ ಲೂಪ್ ಬೆಲ್ಟಿನಲ್ಲಿ ಹೋದ ಮಗು, ಅಲ್ಲಿಂದ ಮುಂದೆ ಅಮೆರಿಕದ ಸಂಸ್ಥೆಯ ವಿಮಾನ ಹತ್ತಿದರೆ ಯಾವ ಬೆಲ್ಟೂ ಇಲ್ಲದೆ ಹೋಗುತ್ತದೆ. ಒಂದೇ ಮಗು, ಒಂದೇ ದಿನ, ಎರಡು ತದ್ವಿರುದ್ಧ ನಿಯಮ. ಎರಡೂ ಕಡೆಯವರು ಎದುರು ಪಕ್ಷದ ದೋಷವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಮಡಿಲನ್ನು ಸುರಕ್ಷಿತ ಮಾಡುವ ದಾರಿ ಇಬ್ಬರಿಗೂ ಸಿಕ್ಕಿಲ್ಲ ಎಂಬುದು ಇದರಿಂದ ಹೊರಡುವ ತೀರ್ಮಾನ. ಇನ್ನು ಮುಂದಿನ ಸಾಲಿನ ಗೋಡೆಗೆ ತೂಗುಹಾಕುವ ಬ್ಯಾಸಿನೆಟ್ ಮಗುವಿನ ನಿದ್ದೆಗೆ ಒಳ್ಳೆಯದು, ಆದರೆ ಅದು ರಕ್ಷಣೆಯ ಸಾಧನವಲ್ಲ. ಏರುವಾಗ ಇಳಿಯುವಾಗ ಅದರಲ್ಲಿ ಮಗುವನ್ನು ಮಲಗಿಸುವಂತಿಲ್ಲ. ಬೆಲ್ಟಿನ ದೀಪ ಹೊತ್ತಿದರೆ ನಿದ್ದೆಯಲ್ಲಿರುವ ಕೂಸನ್ನು ಎತ್ತಿಕೊಳ್ಳಿ ಎಂದು ಅನೇಕ ಸಂಸ್ಥೆಗಳು ಹೇಳುತ್ತವೆ.

ದೀಪ ಹೊತ್ತಿದ ಮೇಲೂ ಸಮಯವೇ ಸಿಗದಿದ್ದರೆ? 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್‌ನ 321ನೇ ವಿಮಾನ ಮ್ಯಾನ್ಮಾರಿನ ಮೇಲೆ ಹಾರುವಾಗ ಗಾಳಿಯ ಹೊಡೆತಕ್ಕೆ ಸಿಕ್ಕಿತು. 0.6 ಸೆಕೆಂಡಿನಲ್ಲಿ ಗುರುತ್ವದ ಬಲ ತಲೆಕೆಳಗಾಗಿ, ಬೆಲ್ಟು ಹಾಕದಿದ್ದವರು ಸೀಟು ಬಿಟ್ಟು ಮೇಲೆದ್ದರು. ಮತ್ತೆ ನಾಲ್ಕು ಸೆಕೆಂಡಿನಲ್ಲಿ ಅದೇ ರಭಸದಿಂದ ಕೆಳಕ್ಕೆ ಬಿದ್ದರು. ಒಬ್ಬ ಹಿರಿಯ ಪ್ರಯಾಣಿಕರು ತೀರಿಕೊಂಡರು, ಹತ್ತಾರು ಮಂದಿ ಗಾಯಗೊಂಡರು. ಮೋಡವೇ ಇಲ್ಲದ ಆಕಾಶದಲ್ಲಿ, ರೇಡಾರಿಗೂ ಕಾಣದೆ ಎರಗುವ ಇನ್ನೊಂದು ಬಗೆಯ ಕುಲುಕಾಟವಿದೆ. ಉತ್ತರ ಅಟ್ಲಾಂಟಿಕದ ಮೇಲೆ ಅದರ ತೀವ್ರ ರೂಪ 1979ರಿಂದ 2020ರ ನಡುವೆ ಶೇ 55ರಷ್ಟು ಹೆಚ್ಚಿದೆ ಎಂದು ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತೋರಿಸಿದರು. ಯುರೋಪಿನ ಮೂಲಕ ಅಮೆರಿಕಕ್ಕೆ ಹೋಗುವ ನಮ್ಮವರು ಹಾದುಹೋಗುವ ದಾರಿಯೇ ಅದು. ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಹಾರಾಟ ಶುರು ಮಾಡಿದಾಗ ಪಯಣದ ಅವಧಿ ಹದಿನಾರು ಹದಿನೇಳು ಗಂಟೆ. ಅಷ್ಟು ಹೊತ್ತು ಯಾವ ತಾಯಿ ತಾನೇ ಕಣ್ಣು ಮುಚ್ಚದೆ, ತೋಳು ಸಡಿಲಿಸದೆ ಕೂರಬಲ್ಲಳು? ಹೆರಿಗೆಯಾಗಿ ತಿಂಗಳುಗಳಷ್ಟೇ ಕಳೆದವಳಂತೂ ಕೂತಲ್ಲೇ ನಿದ್ದೆಗೆ ಜಾರುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ ಅಮೆರಿಕದ ವಿಮಾನಯಾನ ಆಡಳಿತ ಸೀಟನ್ನು ಕಡ್ಡಾಯ ಮಾಡಿಲ್ಲ. ಮಗುವಿಗೆ ಸುರಕ್ಷಿತ ಜಾಗ ಮಡಿಲಲ್ಲ, ಬೆಲ್ಟಿರುವ ಮಕ್ಕಳ ಸೀಟು ಎಂದು ಅದೇ ಆಡಳಿತ ಪ್ರಯಾಣಿಕರಿಗೆ ಬುದ್ಧಿ ಹೇಳುತ್ತದೆ. ಆದರೂ 2005ರಲ್ಲಿ ಅದು ಕಡ್ಡಾಯದ ಪ್ರಸ್ತಾವವನ್ನು ಕೈಬಿಟ್ಟಿತು. ಅದರ ತರ್ಕವನ್ನು ತಳ್ಳಿಹಾಕುವಂತಿಲ್ಲ. ಮಗುವಿಗೂ ಟಿಕೆಟ್ ಕೊಳ್ಳಬೇಕಾದರೆ ಕೆಲವು ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತವೆ, ರಸ್ತೆ ಆಕಾಶಕ್ಕಿಂತ ಎಷ್ಟೋ ಪಾಲು ಅಪಾಯಕಾರಿ, ಆದ್ದರಿಂದ ಒಟ್ಟು ಸಾವು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂಬುದು ಅದರ ವಾದ. 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಡ್ಡಾಯ ಸೀಟಿನಿಂದ ಅಮೆರಿಕದಲ್ಲಿ ವರ್ಷಕ್ಕೆ ಉಳಿಯುವ ಜೀವ ಸರಾಸರಿ 0.4 ಎಂದು ಅಂದಾಜಿಸಿ ಈ ವಾದವನ್ನು ಬೆಂಬಲಿಸಿತು. ದೇಶದೊಳಗಿನ ಪ್ರಯಾಣಕ್ಕೆ ಇದು ಗಟ್ಟಿಯಾದ ಆಕ್ಷೇಪ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರುವ ಕುಟುಂಬ, ದರ ಏರಿದರೆ ಹೆದ್ದಾರಿ ಹಿಡಿಯುತ್ತದೆ, ನಮ್ಮ ಹೆದ್ದಾರಿಗಳ ಸ್ಥಿತಿ ಎಲ್ಲರಿಗೂ ಗೊತ್ತು. ಹಾಗಾಗಿ ಒಳನಾಡಿನ ಹಾರಾಟಕ್ಕೆ ಇವತ್ತೇ ಕಡ್ಡಾಯ ಬೇಕೆಂದು ನಾನು ಕೇಳುವುದಿಲ್ಲ. ಆದರೆ ಬೆಂಗಳೂರಿನಿಂದ ಟೊರಾಂಟೋಗೆ, ಸಿಡ್ನಿಗೆ ಕಾರಿನಲ್ಲಿ ಹೋಗುವವರು ಯಾರು? ಸಮುದ್ರ ದಾಟುವ ಪಯಣಕ್ಕೆ ರಸ್ತೆಯ ಪರ್ಯಾಯವೇ ಇಲ್ಲ. ಒಂದು ದೇಶದ ಒಳನಾಡಿನ ಪ್ರಯಾಣದ ಲೆಕ್ಕ ಮುಂದಿಟ್ಟುಕೊಂಡು ಖಂಡದಿಂದ ಖಂಡಕ್ಕೆ ಹಾರುವ ಮಕ್ಕಳನ್ನೂ ಮಡಿಲಲ್ಲೇ ಬಿಟ್ಟಿರುವುದು ತರ್ಕದ ದೊಡ್ಡ ಲೋಪ.

ಅಪಘಾತವೇ ಇಷ್ಟು ವಿರಳವಾಗಿರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆಯೂ ಬರುತ್ತದೆ. ವಿಮಾನ ಸುರಕ್ಷಿತ ವಾಹನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ವಿರಳ ಅಪಾಯಕ್ಕೆಂದು ದೊಡ್ಡವರಿಗೆ ಬೆಲ್ಟು, ಆಮ್ಲಜನಕದ ಮುಖವಾಡ, ಸೀಟಿನಡಿಯಲ್ಲಿ ಲೈಫ್ ಜಾಕೆಟ್ ಇಟ್ಟಿದ್ದೇವೆ. ವಿರಳ ಎಂಬ ಕಾರಣಕ್ಕೆ ಅವನ್ನು ಯಾರೂ ತೆಗೆಸಿಲ್ಲ. ಎರಡನೇ ಹುಟ್ಟುಹಬ್ಬದ ಮರುದಿನ ಅದೇ ಮಗುವಿಗೆ ಸೀಟು, ಬೆಲ್ಟು ಎರಡೂ ಕಡ್ಡಾಯವಾಗುತ್ತವೆ. ಕುತ್ತಿಗೆ ಗಟ್ಟಿಯಾಗದ, ತಲೆಬುರುಡೆ ಇನ್ನೂ ಮೃದುವಾಗಿರುವ ಮಗುವಿಗೆ ಕಡಿಮೆ ರಕ್ಷಣೆ, ಬೆಳೆದ ಮೇಲೆ ಹೆಚ್ಚು ರಕ್ಷಣೆ ಎಂಬ ಈ ವ್ಯವಸ್ಥೆಯನ್ನು ವೈದ್ಯಕೀಯದ ಯಾವ ನೆಲೆಯಿಂದಲೂ ಸಮರ್ಥಿಸಲಾಗದು.

ಮಗು ತಾಯಿಯ ಎದೆಗೊರಗಿದಾಗಲೇ ಸುಮ್ಮನಾಗುವುದು, ಸೀಟಿನಲ್ಲಿ ಕಟ್ಟಿದರೆ ಚೀರುತ್ತದೆ ಎಂದು ಅನುಭವಸ್ಥ ಅಜ್ಜಿಯರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ವಿಮಾನ ಇಳಿಯುವಾಗ ಕಿವಿಯ ಒತ್ತಡ ತಗ್ಗಿಸಲು ಹಾಲೂಡಿಸಿ ಎಂದು ವೈದ್ಯರೇ ಹೇಳುತ್ತಾರೆ, ಸೀಟಿನಲ್ಲಿ ಕಟ್ಟಿದ ಮಗುವಿಗೆ ಎದೆಹಾಲು ಕೊಡುವುದು ಕಷ್ಟ. ಬಾಟಲಿಯಲ್ಲಿ ಹಿಂಡಿಟ್ಟ ಹಾಲು ಅಥವಾ ಚೀಪುವ ನಿಪ್ಪಲ್ ಆ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ, ಆದರೆ ಬಾಟಲಿಯನ್ನೇ ಮುಟ್ಟದ ಮಕ್ಕಳೂ ಇರುತ್ತಾರೆ. ಆ ತಾಯಂದಿರ ತೊಂದರೆಯನ್ನು ನಿಯಮ ರೂಪಿಸುವವರು ಗಮನದಲ್ಲಿ ಇಟ್ಟುಕೊಳ್ಳಬೇಕು. ಪಯಣದ ಉಳಿದ ಹೊತ್ತಿನಲ್ಲಿ ಸೀಟು ಇದ್ದ ಮಾತ್ರಕ್ಕೆ ಮಗುವನ್ನು ಎತ್ತಿಕೊಳ್ಳಬಾರದು ಎಂದೇನಿಲ್ಲ. ಅದು ಮಲಗಿದಾಗ ಬೆಲ್ಟಿನಲ್ಲಿ ಮಲಗಲಿ, ತಾಯಿಯೂ ಮಲಗಲಿ.

ಕೊನೆಗೆ ಉಳಿಯುವುದು ಹಣದ ಪ್ರಶ್ನೆ, ನಿಜವಾದ ಅಡ್ಡಿಯೂ ಅದೇ. ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಮಡಿಲ ಮಗುವಿಗೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗ ಮತ್ತು ತೆರಿಗೆ. ಸೀಟು ಬೇಕೆಂದರೆ ಅದು ಹಲವು ಪಟ್ಟು ಏರುತ್ತದೆ. ಸಾಲ ಮಾಡಿ ಮಗಳನ್ನು ಕಳಿಸಿಕೊಡುವ ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದಲೇ ಕಡ್ಡಾಯದ ಜೊತೆಗೆ ದರದ ಮಿತಿಯೂ ಬರಬೇಕು. ಎರಡು ವರ್ಷದೊಳಗಿನ ಮಗುವಿನ ಸೀಟಿಗೆ ಮೂಲ ದರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಸೂಲಿ ಮಾಡಬಾರದು, ಉಳಿದದ್ದನ್ನು ಎಲ್ಲ ಟಿಕೆಟ್‌ಗಳ ಮೇಲೆ ಹಂಚಬೇಕು. ಒಂದು ವಿಮಾನದಲ್ಲಿ ಇಂಥ ಮಕ್ಕಳು ಬೆರಳೆಣಿಕೆಯಷ್ಟು, ಪ್ರಯಾಣಿಕರು ನೂರಾರು. ಒಬ್ಬೊಬ್ಬರ ಪಾಲಿಗೆ ಬೀಳುವ ಹೊರೆ ಹಗುರ. ಖಾಲಿ ಸೀಟಿದ್ದರೆ ಅದನ್ನು ಮಡಿಲ ಮಗುವಿಗೇ ಮೊದಲು ಕೊಡಬೇಕೆಂಬ ನಿಯಮಕ್ಕಂತೂ ಕವಡೆ ಕಾಸಿನ ಖರ್ಚಿಲ್ಲ, ಅದನ್ನು ನಾಳೆಯೇ ತರಬಹುದು.

ಭಾರತಕ್ಕೆ ಇಂಥ ನಿಯಮ ಹೊಸದೇನಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನ ರಕ್ಷಣೆಯಿಲ್ಲದೆ ಕಾರಿನಲ್ಲಿ ಕರೆದೊಯ್ದರೆ ಸಾವಿರ ರೂಪಾಯಿ ದಂಡ. 2022ರ ಫೆಬ್ರವರಿಯಲ್ಲಿ ಹೊರಬಂದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡರೆ ಪಟ್ಟಿಯಿಂದ ಸವಾರನಿಗೆ ಕಟ್ಟಿಕೊಳ್ಳಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಪಾಲನೆ ಕಡಿಮೆ, ನಿಜ. ಆದರೆ ಮಗುವಿಗೆ ಕೈಹಿಡಿತ ಸಾಲದು ಎಂಬ ತತ್ವವನ್ನು ನಮ್ಮ ಕಾನೂನು ಆಗಲೇ ಒಪ್ಪಿದೆ. ರನ್‌ವೇಯ ಮೇಲೆ ಅದರ ಐದಾರು ಪಟ್ಟು ವೇಗದಲ್ಲಿ ಓಡುವ ವಾಹನಕ್ಕೆ ವಿನಾಯಿತಿ ಯಾಕೆ? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮನಸ್ಸು ಮಾಡಿದರೆ ಸಂಸ್ಥೆಗಳು ಕೇಳುತ್ತವೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಸೀಟು ಕೊಡಿ ಎಂದು 2024ರ ಏಪ್ರಿಲ್‌ನಲ್ಲಿ ಅದು ಆದೇಶಿಸಿದ್ದೇ ಇದಕ್ಕೆ ಸಾಕ್ಷಿ. ಭಾರತದಿಂದ ಹೊರಡುವ ದೂರದ ಹಾರಾಟಗಳಿಗೆ ಕಡ್ಡಾಯ ಸೀಟು, ದರ ಮಿತಿ, ವಿಮಾನಕ್ಕೆ ಹೊಂದುವ ಮಕ್ಕಳ ಸೀಟು ನಿಲ್ದಾಣದಲ್ಲೇ ಬಾಡಿಗೆಗೆ ಸಿಗುವ ಏರ್ಪಾಡು, ಈ ಮೂರನ್ನು ಒಳಗೊಂಡ ಕರಡನ್ನು ಅದು ಜನರ ಮುಂದಿಡಲಿ.

ನಿಯಮ ಬರುವವರೆಗೆ, ಟಿಕೆಟ್ ಕೊಳ್ಳಲು ಶಕ್ತಿಯಿರುವ ತಂದೆತಾಯಂದಿರು ಮಗುವಿಗೂ ಸೀಟು ಕೊಳ್ಳಲಿ. ಜಾಲತಾಣದಲ್ಲಿ ಆ ಆಯ್ಕೆ ಕಾಣದಿದ್ದರೆ ಸಂಸ್ಥೆಗೆ ಫೋನು ಮಾಡಿ ಕೇಳಿ. ಕಾರಿನ ಸೀಟನ್ನೇ ಒಯ್ಯುವುದಾದರೆ ವಿಮಾನದಲ್ಲಿ ಬಳಸಲು ಒಪ್ಪಿಗೆಯಿದೆ ಎಂಬ ಚೀಟಿ ಅದರ ಮೇಲಿದೆಯೇ, ಅಗಲ 16 ಅಂಗುಲದೊಳಗಿದೆಯೇ ನೋಡಿಕೊಳ್ಳಿ. ಅದನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕಟ್ಟಿ. ಟಿಕೆಟ್ ಕೊಳ್ಳಲಾಗದವರು ಚೆಕ್‌ಇನ್ ಕೌಂಟರಿನಲ್ಲಿ ಪಕ್ಕದ ಸೀಟು ಖಾಲಿಯಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ.