ಸಬ್ಬಕ್ಕಿ ಮರ ಅಲ್ಲ, ಪಾಮ್ ಅಲ್ಲ, ‘ಝೀರೋ ಮೇಂಟೆನೆನ್ಸ್’ ಅಂತೂ ಅಲ್ಲವೇ ಅಲ್ಲ

1/9
ಫೋಟೋದಲ್ಲಿರೋ ಗಿಡ ನಿಮ್ಮೆಲ್ಲರಿಗೂ ಗೊತ್ತು. ಬ್ಯಾಂಕಿನ ಬಾಗಿಲಲ್ಲಿ, ಕಲ್ಯಾಣ ಮಂಟಪದ ಮೆಟ್ಟಿಲ ಪಕ್ಕ, ಹೋಮ್‌ಸ್ಟೇ ಗೇಟಿನ ಎರಡೂ ಕಡೆ ನಿಂತಿರುತ್ತೆ. ಅನಾನಸ್ ಥರ ದಪ್ಪ ಕಾಂಡ, ಮೇಲೆ ಕಿರೀಟದ ಥರ ಗಟ್ಟಿ ಎಲೆ. ನರ್ಸರಿಯಲ್ಲಿ ಇದರ ಹೆಸರು ಸಾಗೋ ಪಾಮ್. ಕಳೆದ ಸ್ಟೋರಿಗೆ ನಮ್ಮ ಕ್ಲಾಸಿನ ಒಬ್ಬ ರಿಪ್ಲೈ ಮಾಡಿದ್ದ, “ಇದ್ರಿಂದ ತಾನೇ ಸಬ್ಬಕ್ಕಿ ಮಾಡೋದು? ಪಾಯಸಕ್ಕೆ ಕರೀತೀಯಾ?” ಅಂತ. ನಗು ಬಂತು, ಆಮೇಲೆ ಹೊಟ್ಟೆ ಚುರ್ ಅಂತು. ಯಾಕೆ ಅಂತ 3ನೇ ಭಾಗದಲ್ಲಿ ಹೇಳ್ತೀನಿ.

ಮೊದಲು ಉತ್ತರ. ನಮ್ಮ ಪಾಯಸದ ಸಬ್ಬಕ್ಕಿ ಬರೋದು ಮರಗೆಣಸಿನ ಹಿಟ್ಟಿನಿಂದ. ಸೇಲಂ ಕಡೆ ಅದರದ್ದೇ ದೊಡ್ಡ ಉದ್ಯಮ ಇದೆ. ನಿಜವಾದ ಸಾಗೋ ಬರೋದು ಆಗ್ನೇಯ ಏಷ್ಯಾದ ಬೇರೆಯೇ ಒಂದು ತಾಳೆ ಜಾತಿಯ ಮರದಿಂದ. ನಮ್ಮ ಅಂಗಳದ ಈ ಗಿಡ ಸೈಕಸ್ ರೆವಲ್ಯೂಟಾ. ಇದು ತಾಳೆ ಜಾತಿಗೆ ಸೇರಿದ್ದೇ ಅಲ್ಲ. ಹೂವು ಬಿಡದೆ, ಪೈನ್ ಮರದ ಥರ ಶಂಕು ಬಿಡೋ ಹಳೇ ವಂಶದ್ದು. ಡೈನೋಸಾರ್ ಕಾಲದಿಂದ ಇರೋ ಕುಟುಂಬ.

ಹೆಸರಲ್ಲೇ ಎರಡು ಸುಳ್ಳು. ಮೂರನೇ ಸುಳ್ಳು ಬೋರ್ಡ್ ಮೇಲೆ ಇರುತ್ತೆ: ‘ಝೀರೋ ಮೇಂಟೆನೆನ್ಸ್’. ನನ್ನ ಜಗಳ ಈ ಮೂರನೇ ಸುಳ್ಳಿನ ಮೇಲೆ.

2/9
ನಮ್ಮ ಮನೆ ಮಡಿಕೇರಿ ಹತ್ತಿರ. ಚಳಿ, ಮಂಜು, ಆಮೇಲೆ ಮಳೆ, ಮಳೆ, ಮತ್ತೂ ಮಳೆ. ಹೋದ ವರ್ಷ ಮಾರ್ಚ್‌ನಲ್ಲಿ ಹೆದ್ದಾರಿ ಪಕ್ಕದ ಒಂದು ನರ್ಸರಿಯಿಂದ ಈ ಗಿಡ ತಂದೆ. 1,800 ರೂಪಾಯಿ, ನನ್ನ ಟ್ಯೂಷನ್ ದುಡ್ಡು. ಕಾಂಡದ ಬುಡದಲ್ಲಿ ಮೂರು ಮರಿ ಗಡ್ಡೆ ಬೇರೆ ಇತ್ತು, ಒಂದಕ್ಕೆ ನಾಲ್ಕು ಸಿಕ್ತು ಅಂತ ಖುಷಿ.

ನಾನು ಕೇಳಿದ ಪ್ರಶ್ನೆ ನಂಗೆ ಈಗಲೂ ನೆನಪಿದೆ. “ಅಣ್ಣ, ಮನೇಲಿ ನಾಯಿಮರಿ ಇದೆ, ವರಾಂಡದಲ್ಲಿ ಇಡ್ತೀನಿ, ತೊಂದ್ರೆ ಇಲ್ವಾ?” ಅವರು ಹೇಳಿದ್ದು: “ಏನೂ ಆಗಲ್ಲ. ದಿನಾ ಒಂದು ಚೊಂಬು ನೀರು ಹಾಕಿ, ಸಾಕು. ಇದು ಸಾಯೋ ಗಿಡ ಅಲ್ಲ.”

ಒಂದೇ ಉಸಿರಲ್ಲಿ ಎರಡು ತಪ್ಪು. ದಿನಾ ನೀರು ಹಾಕಿದ್ರೆ ಇದು ಸಾಯುತ್ತೆ. ನಾಯಿಗೆ ಏನೂ ಆಗಲ್ಲ ಅನ್ನೋದು ಅದಕ್ಕಿಂತ ದೊಡ್ಡ ತಪ್ಪು.

3/9
ಮೇ ತಿಂಗಳು. ಒಂದು ರೀಲ್ ನೋಡಿ ಮರಿ ಗಡ್ಡೆಗಳನ್ನ ಬಿಡಿಸಿದೆ. ರೀಲ್‌ನಲ್ಲಿ ಹೇಳಿದ್ದು ಸರಿಯಾಗೇ ಇತ್ತು: ಬಿಡಿಸಿದ ಮೇಲೆ ಒಂದು ವಾರ ನೆರಳಲ್ಲಿ ಒಣಗಿಸಿ, ಗಾಯ ಗಟ್ಟಿಯಾದ ಮೇಲೆ ಮರಳಲ್ಲಿ ನೆಡಿ ಅಂತ. ವರಾಂಡದಲ್ಲಿ ಪೇಪರ್ ಹಾಸಿ ಇಟ್ಟೆ. ಚೆಂಡಿನ ಗಾತ್ರದ ಮೂರು ಗಡ್ಡೆ. ಆರು ತಿಂಗಳ ನಾಯಿಮರಿಗೆ ಅದು ಚೆಂಡೇ.

ಸಂಜೆ ಕಾಲೇಜಿಂದ ಬಂದಾಗ ಒಂದು ಗಡ್ಡೆ ಅರ್ಧ ಇತ್ತು. ಬೈದು, ಉಳಿದಿದ್ದನ್ನ ಎತ್ತಿಟ್ಟೆ, ಅಷ್ಟೇ. ರಾತ್ರಿ ವಾಂತಿ ಶುರು. ಮರುದಿನ ಏಳಲಿಲ್ಲ. ಡಾಕ್ಟರ್ ಹತ್ರ ಹೋದ್ವಿ, “ಏನು ತಿಂದಿತ್ತು?” ಅಂದ್ರು. “ಅನ್ನ, ಮೊಟ್ಟೆ” ಅಂದೆ. ಗಡ್ಡೆ ವಿಷಯ ಹೇಳೋದು ನನ್ನ ತಲೆಗೇ ಬರಲಿಲ್ಲ, ಯಾಕಂದ್ರೆ ಅದು ಗಿಡ, ಅದೂ ‘ಏನೂ ಆಗದ’ ಗಿಡ. ಮೂರನೇ ದಿನ ಕಣ್ಣು, ವಸಡು ಹಳದಿ. ನಾಲ್ಕನೇ ದಿನ ಬೆಳಿಗ್ಗೆ ಕರಿಯ ಇರಲಿಲ್ಲ.

ಈ ಗಿಡದ ಎಲ್ಲಾ ಭಾಗದಲ್ಲೂ ಸೈಕಾಸಿನ್ ಅನ್ನೋ ವಿಷ ಇದೆ. ಬೀಜದಲ್ಲಿ ಅತಿ ಹೆಚ್ಚು, ಒಂದೆರಡು ಬೀಜವೇ ಒಂದು ನಾಯಿಯ ಜೀವ ತೆಗೆಯಬಹುದು. ಮೊದಲು ವಾಂತಿ, ಆಮೇಲೆ ಲಿವರ್ ಕೈಕೊಡುತ್ತೆ. ತಿಂದ ಒಂದೆರಡು ಗಂಟೆಯೊಳಗೆ ಡಾಕ್ಟರ್‌ಗೆ ಗೊತ್ತಾದ್ರೆ ವಾಂತಿ ಮಾಡಿಸಿ, ಇದ್ದಿಲಿನ ಔಷಧ ಕೊಟ್ಟು ಪ್ರಯತ್ನ ಮಾಡಬಹುದು. ನಾನು ಆ ಗಂಟೆಗಳನ್ನ ಬೈಯೋದ್ರಲ್ಲಿ ಕಳೆದೆ.

4/9
ಈಗ ಲೆಕ್ಕ. ಬಿ.ಕಾಂ. ಅಲ್ವಾ, ಲೆಕ್ಕ ಇಲ್ಲದೆ ಹೇಗೆ.

ಬಿಸಿನೆಸ್ ಲಾ ಪೇಪರಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ವಿ: ‘ಕೇವಿಯಟ್ ಎಂಪ್ಟರ್’, ಕೊಳ್ಳುವವನೇ ಎಚ್ಚರವಾಗಿರಬೇಕು. ಐದು ಮಾರ್ಕ್ಸ್ ಪ್ರಶ್ನೆ. ಆದರೆ 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್‌ನಲ್ಲಿ ಅದಕ್ಕೆ ವಿನಾಯಿತಿನೂ ಇದೆ. ಯಾವ ಉದ್ದೇಶಕ್ಕೆ ಬೇಕು ಅಂತ ಗಿರಾಕಿ ಹೇಳಿ, ಮಾರುವವನ ತಿಳುವಳಿಕೆ ನಂಬಿ ಕೊಂಡ್ರೆ, ಸರಕು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕು ಅನ್ನೋ ಷರತ್ತು ತಾನಾಗೇ ಸೇರುತ್ತೆ. ನಾನು ಹೇಳಿದ್ದೆ: ನಾಯಿಮರಿ, ವರಾಂಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ನೇರವಾಗಿ ಹೇಳುತ್ತೆ: ಜೀವಕ್ಕೆ ಅಪಾಯವಾಗೋ ಸರಕಿನಿಂದ ರಕ್ಷಣೆ ಪಡೆಯೋದು, ಸರಕಿನ ಬಗ್ಗೆ ಮಾಹಿತಿ ಪಡೆಯೋದು ಗ್ರಾಹಕನ ಹಕ್ಕು.

ನಾನು ಕೇಸ್ ಹಾಕ್ತಿಲ್ಲ. ಬಿಲ್ಲೂ ಇಲ್ಲ, ಆ ಅಣ್ಣಂಗೆ ನಿಜವಾಗಲೂ ಗೊತ್ತಿರಲಿಲ್ಲ ಅಂತಾನೇ ಅನಿಸುತ್ತೆ. ಆದರೆ ಗೊತ್ತಿಲ್ಲದೆ ಮಾರೋದು, ಗೊತ್ತಿಲ್ಲದೆ ಕೊಳ್ಳೋದು, ಗೊತ್ತಿಲ್ಲದೆ ರೀಲ್ ಮಾಡೋದು, ಇದೇ ಒಂದು ಚೈನ್ ಆಗಿದೆ. ಆ ಚೈನ್‌ನಲ್ಲಿ ನಾನೂ ಒಂದು ಕೊಂಡಿ. ನನ್ನ ಡೆಬಿಟ್ ಸೈಡ್ ಖಾಲಿ ಬಿಟ್ಟು ಅವರದ್ದು ಮಾತ್ರ ಬರೆಯಲ್ಲ.

5/9
“ಹಂಗಾದ್ರೆ ಕಿತ್ತು ಬಿಸಾಕು.” ಅಮ್ಮನೂ ಇದನ್ನೇ ಹೇಳಿದ್ರು. ಡಿಎಂನಲ್ಲಿ ಹತ್ತು ಜನ ಹೇಳಿದ್ರಿ. ನಾನು ಒಪ್ಪಲ್ಲ.

ಈ ಗಿಡದ ಊರು ದಕ್ಷಿಣ ಜಪಾನ್, ಕ್ಯೂಶು ಮತ್ತು ರ್‍ಯುಕ್ಯು ದ್ವೀಪಗಳು. ಅಲ್ಲಿ ಇದರ ಹೆಸರು ಸೊತೆತ್ಸು. ಅಲ್ಲಿನ ಜನ ಬರಗಾಲದಲ್ಲಿ ಇದರ ಕಾಂಡ, ಬೀಜದ ಪಿಷ್ಟವನ್ನ ನೆನೆಸಿ, ತೊಳೆದು, ವಿಷ ತೆಗೆದು ತಿಂದಿದ್ದಾರೆ. ಸರಿಯಾಗಿ ವಿಷ ತೆಗೆಯದೆ ಸತ್ತವರೂ ಇದ್ದಾರೆ. ಓಕಿನಾವಾದಲ್ಲಿ 1920ರ ದಶಕದ ಹಸಿವಿನ ಕಾಲಕ್ಕೆ ‘ಸೊತೆತ್ಸು ನರಕ’ ಅಂತಾನೇ ಹೆಸರು. ನಮ್ಮ ಪಕ್ಕದ ಮಲಬಾರಿನಲ್ಲೂ ಇದರ ಸೋದರ ಜಾತಿಯನ್ನ ಈಂದ್ ಅಂತಾರೆ, ಅದರ ಬೀಜವನ್ನ ಹದ ಮಾಡಿ ತಿನ್ನೋ ಪದ್ಧತಿ ಇದೆ. ನೀವು ಟ್ರೈ ಮಾಡಬೇಡಿ, ದಯವಿಟ್ಟು. ನಾನು ಹೇಳ್ತಿರೋದು ಬೇರೆ.

ಆ ಜನಕ್ಕೆ ಗಿಡದ ಜೊತೆ ಅದರ ಭಯವೂ, ಹದವೂ ಗೊತ್ತಿತ್ತು. ಅಜ್ಜಿಯಿಂದ ಮೊಮ್ಮಗಳಿಗೆ ಎರಡೂ ಒಟ್ಟಿಗೆ ಬರ್ತಿತ್ತು. ನಮ್ಮ ಅಂಗಳಕ್ಕೆ ಗಿಡ ಮಾತ್ರ ಬಂತು, ಜೊತೆಗೆ ಬರಬೇಕಿದ್ದ ತಿಳುವಳಿಕೆ ಬರಲಿಲ್ಲ. ತಪ್ಪು ಇರೋದು ಅಲ್ಲಿ. ನಮ್ಮ ಹಿತ್ತಲಲ್ಲಿ ಕಣಗಿಲೆ ಇಲ್ವಾ? ಅದೂ ವಿಷವೇ. ಆದರೆ ಕಣಗಿಲೆ ಬಾಯಿಗೆ ಹಾಕಬೇಡ ಅಂತ ಬೈಸಿಕೊಳ್ಳದ ಮಗು ನಮ್ಮೂರಲ್ಲಿ ಇಲ್ಲ.

6/9
ಸರಿ, ನಮ್ಮಂಥ ತಂಪು ಊರಲ್ಲಿ ಇದನ್ನ ಬೆಳೆಸೋದು ಹೇಗೆ? ಮಡಿಕೇರಿ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯವರು ಇದನ್ನ ಸೇವ್ ಮಾಡಿಕೊಳ್ಳಿ.

ಚಳಿಗೆ ಹೆದರಬೇಡಿ. ಸ್ವಲ್ಪ ಹೊತ್ತಿನ ಹಿಮವನ್ನೂ ಇದು ತಡೆಯುತ್ತೆ, ಎಲೆ ಸುಟ್ಟರೂ ಕಾಂಡ ಉಳಿಯುತ್ತೆ. ಕ್ಯೋಟೋ ಊರಿನ ನಿಜೋ ಕೋಟೆಯಲ್ಲಿ, ಕತ್ಸುರಾ ಅರಮನೆ ತೋಟದಲ್ಲಿ ಚಳಿಗಾಲಕ್ಕೆ ಇದಕ್ಕೆ ಹುಲ್ಲಿನ ಅಂಗಿ ಸುತ್ತುತ್ತಾರೆ. ನಮಗೆ ಅದೂ ಬೇಡ. ಊಟಿಯಂಥ ಕಡೆ ಹಿಮ ಬಿದ್ದರೆ ರಾತ್ರಿ ಗೋಣಿ ಹೊದಿಸಿದ್ರೆ ಸಾಕು.

ನಮ್ಮಲ್ಲಿ ಕೊಲ್ಲೋದು ಚಳಿ ಮತ್ತು ನೀರು ಎರಡೂ ಸೇರಿದಾಗ. ಕಕ್ಕಡ ತಿಂಗಳಲ್ಲಿ ಬಿಸಿಲಿಲ್ಲ, ಮಣ್ಣು ಆರಲ್ಲ, ಬೇರು ಕೊಳೆಯುತ್ತೆ. ನನ್ನ ಕುಂಡದ ಕೆಳಗೆ ತಟ್ಟೆ ಇತ್ತು, ಅದು ಜುಲೈ ಪೂರ್ತಿ ಕೆರೆ ಆಗಿತ್ತು. ಆಗಸ್ಟ್‌ನಲ್ಲಿ ಎತ್ತಿ ನೋಡಿದ್ರೆ ಅರ್ಧ ಬೇರು ಕಪ್ಪಗೆ, ಮೆತ್ತಗೆ, ವಾಸನೆ.

ಮಾಡಬೇಕಾದ್ದು:
ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಇರಲಿ. ಗೊಬ್ಬರ ಕಡಿಮೆ.
ನೆಲದಲ್ಲಿ ನೆಡೋದಾದ್ರೆ ಒಂದಡಿ ದಿಬ್ಬ ಮಾಡಿ ನೆಡಿ. ಕಾಂಡದ ಗಡ್ಡೆ ಮುಚ್ಚಬೇಡಿ, ಅದು ಮಣ್ಣಿನ ಮೇಲೇ ಇರಬೇಕು.
ಜೂನ್‌ನಿಂದ ಸೆಪ್ಟೆಂಬರ್: ಕುಂಡ ಸೂರಿನ ಕೆಳಗೆ, ಬೆಳಕು ಬೀಳೋ ಕಡೆ. ನೀರು ಹಾಕೋದು ಮಣ್ಣು ಪೂರ್ತಿ ಆರಿದ್ರೆ ಮಾತ್ರ. ತಟ್ಟೆ ತೆಗೆದುಬಿಡಿ.
ಡಿಸೆಂಬರ್, ಜನವರಿ: ಗಿಡ ಮಲಗಿರುತ್ತೆ. ಗೊಬ್ಬರ ಹಾಕಿ ಎಬ್ಬಿಸಬೇಡಿ.
ಬೇಸಿಗೆ: ಮೇಲಿನ ಎರಡು ಇಂಚು ಆರಿದ ಮೇಲೆ ಚೆನ್ನಾಗಿ ನೀರು ಕೊಡಿ, ಮತ್ತೆ ಆರಲು ಬಿಡಿ.

7/9
ರೀಲ್‌ಗಳಲ್ಲಿ ನೋಡಿದ ನಾಲ್ಕು ಅನಾಹುತ.

ಒಂದು, ‘ಫ್ರೆಶ್ ಲುಕ್’ಗೆ ಎಲ್ಲಾ ಹಸಿರು ಎಲೆ ಕತ್ತರಿಸೋದು. ಮಗಾ, ಇದು ತಂಪು ಊರಲ್ಲಿ ವರ್ಷಕ್ಕೆ ಒಂದು ಸುತ್ತು ಎಲೆ ಬಿಡೋ ಗಿಡ, ಕೆಲವು ವರ್ಷ ಅದೂ ಇಲ್ಲ. ಹಸಿರು ಎಲೆ ಅದರ ಸೇವಿಂಗ್ಸ್ ಅಕೌಂಟ್. ಒಣಗಿದ್ದನ್ನ ಮಾತ್ರ ತೆಗಿ.

ಎರಡು, ಬೇರಲ್ಲಿ ಹವಳದ ಥರ ಗಂಟು ಕಂಡ್ರೆ ‘ರೋಗ’ ಅಂತ ಕತ್ತರಿಸೋದು. ಅದು ರೋಗ ಅಲ್ಲ. ಅದರೊಳಗೆ ನೀಲಿ ಹಸಿರು ಸೂಕ್ಷ್ಮಾಣು ವಾಸ ಮಾಡಿ ಗಾಳಿಯ ಸಾರಜನಕವನ್ನ ಗಿಡಕ್ಕೆ ಕೊಡುತ್ತೆ. ಫ್ರೀ ಗೊಬ್ಬರದ ಫ್ಯಾಕ್ಟರಿನ ಮುಚ್ಚಬೇಡಿ.

ಮೂರು, ಎಲೆ ಹಳದಿ ಆದ ತಕ್ಷಣ ಯೂರಿಯಾ. ಯಾವ ಎಲೆ ಅಂತ ನೋಡಿ. ಹಳೇ ಎಲೆ ಹಳದಿಯಾದ್ರೆ ಮೆಗ್ನೀಷಿಯಂ ಕಮ್ಮಿ ಇರಬಹುದು. ಹೊಸ ಎಲೆ ಹಳದಿಯಾಗಿ, ಸುರುಟಿ ಬಂದ್ರೆ ಮ್ಯಾಂಗನೀಸ್. ಎಲ್ಲವೂ ಒಟ್ಟಿಗೆ ಹಳದಿಯಾದ್ರೆ ಮೊದಲು ಬೇರು ನೋಡಿ.

ನಾಲ್ಕು, ಹೊಸ ಎಲೆ ಬರೋವಾಗ ಗಿಡನ ದಿನಾ ಜಾಗ ಬದಲಿಸೋದು. ಆ ಕೆಲವು ವಾರ ಮುಟ್ಟಬೇಡಿ, ಎಲೆ ಸೊಟ್ಟ ಆಗುತ್ತೆ. ನೋಡೋದು ಮಾತ್ರ ದಿನಾ ನೋಡಿ. ಪ್ಲೇನ್ಸ್ ಕ್ಯುಪಿಡ್ ಅನ್ನೋ ಪುಟ್ಟ ನೀಲಿ ಚಿಟ್ಟೆ ಎಳೇ ಎಲೆ ಮೇಲೆ ಮೊಟ್ಟೆ ಇಡುತ್ತೆ. ಅದರ ಹುಳ ಕೆಲವೇ ದಿನದಲ್ಲಿ ಇಡೀ ಸುತ್ತು ಮುಗಿಸಿಬಿಡುತ್ತೆ. ಸುತ್ತ ಇರುವೆ ಓಡಾಡ್ತಿದ್ರೆ ಅನುಮಾನ ಪಡಿ, ಆ ಹುಳಕ್ಕೆ ಇರುವೆನೇ ಬಾಡಿಗಾರ್ಡ್. ವಿಷ ಹೊಡೀಬೇಡಿ, ಎಲೆ ಗಟ್ಟಿಯಾಗೋ ತನಕ ಸೊಳ್ಳೆಪರದೆ ಬಟ್ಟೆ ಕಟ್ಟಿ. ಚಿಟ್ಟೆ ನಮ್ಮ ದೇಶದ್ದು, ಗಿಡ ಅತಿಥಿ.

8/9
ಇನ್ನೊಂದು ಮಾತು, ಇದು ನಮ್ಮ ಕಾಲೇಜಿಗೆ.

ಫೆಸ್ಟ್ ಸ್ಟೇಜಿನ ಹಿಂದೆ, ಬೊಕೆಯ ಒಳಗೆ ಬಾಚಣಿಗೆ ಥರದ ಉದ್ದ ಹಸಿರು ಎಲೆ ಇಡ್ತೀವಲ್ಲ, ಅದು ಹೆಚ್ಚಾಗಿ ಸೈಕಸ್ ಎಲೆ. ಎಲ್ಲಿಂದ ಬರುತ್ತೆ ಅಂತ ಯಾರಾದ್ರೂ ಕೇಳಿದೀವಾ? ನಾನು ಡೆಕೊರೇಷನ್ ಕಮಿಟಿಯಲ್ಲಿದ್ದೆ, ನಾನೂ ಕೇಳಿಲ್ಲ. ಪಶ್ಚಿಮ ಘಟ್ಟದಲ್ಲಿ ನಮ್ಮದೇ ಒಂದು ಸೈಕಸ್ ಇದೆ, ಸೈಕಸ್ ಸರ್ಸಿನಾಲಿಸ್. ಪ್ರಪಂಚದಲ್ಲಿ ಅದು ಸಹಜವಾಗಿ ಬೆಳೆಯೋದು ಇಲ್ಲಿ ಮಾತ್ರ. ಅದೀಗ ಅಳಿವಿನ ಅಪಾಯದಲ್ಲಿರೋ ಪಟ್ಟಿಯಲ್ಲಿದೆ. ಅಲಂಕಾರಕ್ಕೆ ಕಾಡಿನಿಂದ ಎಲೆ ಕಡಿಯೋದೂ ಅದಕ್ಕೆ ಒಂದು ಕಾರಣ. ಸೈಕಸ್ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿಯಂತ್ರಣ ಇದೆ. ನಮ್ಮ ಸ್ಟೇಜಿಗೆ ಯಾವ ಒಪ್ಪಂದವೂ ಇಲ್ಲ, ನಮ್ಮ ಬುದ್ಧಿ ಒಂದೇ.

ಈ ಸಲ ಮಾವಿನ ಸೊಪ್ಪು, ಅಡಿಕೆ ಹಿಂಗಾರ, ಬಾಳೆ ಎಲೆ ಕಟ್ಟೋಣ. ಚೆನ್ನಾಗಿ ಕಾಣಲ್ಲ ಅನ್ನೋರು ನಮ್ಮ ಕಡೆ ಒಂದು ಮದುವೆಗೆ ಬನ್ನಿ.

9/9
ನಂಗೆ ಬೇಕಿರೋದು ದೊಡ್ಡ ಕ್ರಾಂತಿ ಅಲ್ಲ. ನರ್ಸರಿಯಲ್ಲಿ ಈ ಗಿಡದ ಕುಂಡಕ್ಕೆ ಒಂದು ಚೀಟಿ, ಕನ್ನಡದಲ್ಲಿ, ಮೂರೇ ಸಾಲು:
‘ಇದು ವಿಷದ ಗಿಡ. ಮಕ್ಕಳು, ನಾಯಿ, ದನದ ಬಾಯಿಗೆ ಸಿಗದಂತೆ ಇಡಿ.
ಮಣ್ಣು ಆರಿದ ಮೇಲೆ ಮಾತ್ರ ನೀರು.
ತಿಂದರೆ ತಕ್ಷಣ ಡಾಕ್ಟರ್‌ಗೆ ಗಿಡದ ಹೆಸರು ಹೇಳಿ: ಸೈಕಸ್.’

ಚೀಟಿ ಹಾಕಿದ್ರೆ ಸೇಲ್ ಕಮ್ಮಿ ಆಗುತ್ತೆ ಅಂತಾರೆ. ಆಗಲಿ. ಗೊತ್ತಾದ ಮೇಲೆ ಬೇಡ ಅನ್ನೋ ಗಿರಾಕಿಗೆ ಆ ಗಿಡ ಮಾರಬಾರದಾಗಿತ್ತು ಅಂತಲೇ ಅರ್ಥ.

ಕಳೆದ ವಾರ ಅದೇ ನರ್ಸರಿಗೆ ಹೋಗಿದ್ದೆ. ಕೈಯಲ್ಲಿ ಬರೆದ ಇಪ್ಪತ್ತು ಚೀಟಿ ಕೊಟ್ಟೆ. ಆ ಅಣ್ಣ ಓದಿದ್ರು, ಸ್ವಲ್ಪ ಹೊತ್ತು ಸುಮ್ಮನಿದ್ರು, “ನಮ್ಮನೇಲೂ ನಾಯಿ ಇದೆ” ಅಂದ್ರು. ನಾಲ್ಕು ಕುಂಡಕ್ಕೆ ನನ್ನ ಎದುರೇ ಕಟ್ಟಿದ್ರು. ಉಳಿದ ಹದಿನಾರು ಕಟ್ತಾರೋ ಇಲ್ವೋ, ಮುಂದಿನ ತಿಂಗಳು ಹೋಗಿ ನೋಡ್ತೀನಿ.

ನನ್ನ ಗಿಡ ಬದುಕಿದೆ. ಕೊಳೆತ ಬೇರು ಕತ್ತರಿಸಿ, ಒಣಗಿಸಿ, ಬರೀ ಮರಳು ಜಲ್ಲಿಯಲ್ಲಿ ಕೂರಿಸಿದ್ದೆ. ಈ ಮೇ ತಿಂಗಳಲ್ಲಿ ಏಳು ಎಲೆ ಬಿಡ್ತು, ಏಳೇ. ಈಗ ಅದು ವರಾಂಡದಲ್ಲಿಲ್ಲ, ಮೆಶ್ ಬೇಲಿಯೊಳಗೆ ದಿಬ್ಬದ ಮೇಲಿದೆ. ಅಮ್ಮ ಇನ್ನೂ ಕೇಳ್ತಾರೆ, “ಅದನ್ನ ಯಾಕೆ ಇಟ್ಕೊಂಡಿದೀಯ?” ಅಂತ. ಗಿಡ ತಪ್ಪು ಮಾಡಿಲ್ಲಮ್ಮ, ಅದಕ್ಕೆ.

ನಿಮ್ಮ ಮನೇಲಿ ಈ ಗಿಡ ಇದ್ರೆ ಇವತ್ತೇ ಬುಡ ನೋಡಿ: ಬಿದ್ದ ಬೀಜ, ಬಿಡಿಸಿದ ಗಡ್ಡೆ ಇದ್ರೆ ಕೈಗೆ ಗ್ಲೌಸ್ ಹಾಕಿ ಎತ್ತಿ ಮುಚ್ಚಿದ ಡಬ್ಬಕ್ಕೆ ಹಾಕಿ. ಚೀಟಿಯ ಫೋಟೋ ಕೊನೇ ಸ್ಲೈಡಲ್ಲಿದೆ, ಸ್ಕ್ರೀನ್‌ಶಾಟ್ ತೆಗೀರಿ, ನಿಮ್ಮೂರಿನ ನರ್ಸರಿಗೆ ಕೊಡಿ. ನನ್ನನ್ನ ಟ್ಯಾಗ್ ಮಾಡದಿದ್ರೂ ಪರವಾಗಿಲ್ಲ.

#ಸೈಕಸ್ #ಮಡಿಕೇರಿ #ಅಂಗಳದಗಿಡ #ಚೀಟಿಕಟ್ಟಿ #ಕರಿಯ