ಯಂತ್ರ ಯಾರ ಬಾಗಿಲು ಕಾಯಬೇಕು?

ದೊಡ್ಡ ಕಂಪನಿಗಳು ತಮ್ಮ ಹೆಸರಿನ ಕಾವಲಿಗೆ ಕೃತಕ ಬುದ್ಧಿಮತ್ತೆಯನ್ನು ಇಟ್ಟುಕೊಂಡಿವೆ. ಅದು ಅಂತರ್ಜಾಲದ ಅಂಗಡಿಗಳ ಲಕ್ಷಾಂತರ ಚಿತ್ರಗಳನ್ನು ಹೋಲಿಸಿ ನಕಲಿ ಮಾಲನ್ನು ಹಿಡಿಯುತ್ತದೆ. ಒಳ್ಳೆಯದೇ. ಆದರೆ ದೊಡ್ಡಬಳ್ಳಾಪುರದ ಮಗ್ಗದವರು ಹೊಸದಾಗಿ ಹಾಕಿದ ಅಂಚು, ಸೆರಗು ಸೂರತ್ತಿನಲ್ಲಿ ನಕಲಾಗಿ ಅಗ್ಗದ ಬೆಲೆಗೆ ಪೇಟೆಗೆ ಬಂದರೆ ಯಾರಿಗೆ ಹೇಳಬೇಕು?

ಮೈಸೂರು ರೇಷ್ಮೆಗೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ಕಾಯಲು ಸರ್ಕಾರಿ ನಿಗಮವಿದೆ. ಬಡ ನೇಕಾರನಿಗೆ ಯಾರಿದ್ದಾರೆ? 2000ದ ವಿನ್ಯಾಸ ಕಾಯಿದೆಯಂತೆ ನೋಂದಾಯಿಸಿದ ಹೊಸ ವಿನ್ಯಾಸಕ್ಕೆ ಮೊದಲು 10 ವರ್ಷ ರಕ್ಷಣೆಯುಂಟು. ಆದರೆ ಆ ಶಾಖೆ ಇರುವುದು ಕೊಲ್ಕತ್ತಾದಲ್ಲಿ. ಮಧುರೆಗೂ ಅದಕ್ಕೂ ಎಷ್ಟು ದೂರವೆಂದು ವಾಚಕರೇ ಲೆಕ್ಕ ಹಾಕಲಿ.

ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ಸರ್ಕಾರ ತನ್ನ ಖರ್ಚಿನಲ್ಲಿ ನೇಕಾರರ ಸಹಕಾರ ಸಂಘಗಳ ಹೆಸರಿಗೆ ವಿನ್ಯಾಸಗಳನ್ನು ನೋಂದಾಯಿಸಲಿ, ಕಾವಲಿನ ಯಂತ್ರವನ್ನೂ ಸಂಘಗಳ ಕೈಗೊಪ್ಪಿಸಲಿ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ, ದುಡಿಮೆಯ ಹಕ್ಕು.