ನಾಯಿಯ ಬಟ್ಟಲು, ಶ್ರಾವಕನ ವ್ರತ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನ ಮನೆಯಲ್ಲಿ ನಾಯಿಯೊಂದು ಬಂದು ನೆಲೆಸಿದಾಗ, ಅದರ ಬಟ್ಟಲಿಗೆ ಏನನ್ನು ಹಾಕಬೇಕೆಂಬ ಪ್ರಶ್ನೆ ಚಿಕ್ಕದೆಂದು ತೋರುತ್ತದೆ. ಆದರೆ ಅದರ ಉತ್ತರದಲ್ಲಿ ಒಂದು ಜೀವದ ಆರೋಗ್ಯವೂ ಒಂದು ವ್ರತದ ನಿರ್ಮಲತೆಯೂ ಅಡಗಿವೆ. ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ನಾಯಿ ಹುಟ್ಟಿನಿಂದಲೇ ಮಾಂಸಾಹಾರಿ, ಅದಕ್ಕೆ ಮಾಂಸ ಕೊಡದಿರುವುದೇ ಹಿಂಸೆ ಎಂಬುದು ಒಂದು. ನಾಯಿ ಅನ್ನ ತಿಂದೇ ಬದುಕುತ್ತದೆ, ಮನೆಯವರು ಉಂಡು ಮಿಕ್ಕಿದ್ದನ್ನು ಹಾಕಿದರೆ ಸಾಕು ಎಂಬುದು ಇನ್ನೊಂದು. ಮೊದಲನೆಯದು ವ್ರತವನ್ನು ಸಡಿಲಿಸುತ್ತದೆ, ಎರಡನೆಯದು ಹೊಣೆಯನ್ನು ಸಡಿಲಿಸುತ್ತದೆ. ನಾಯಿಯ ದೇಹವನ್ನು ಮಾತ್ರ ಎರಡೂ ಸರಿಯಾಗಿ ನೋಡಿಲ್ಲ.

ಹಾಗೆ ನೋಡಿ ಕಲಿಯಲು ಬಿಳಿಗಿರಿರಂಗನ ಬೆಟ್ಟವು ಒಳ್ಳೆಯ ಪಾಠಶಾಲೆ. ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಗಳಿಗೆ ಹೊಂದಿಕೊಂಡ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಕಾಡಿನಲ್ಲಿ ಸೀಳುನಾಯಿಯಿದೆ, ಕರಡಿಯಿದೆ. ಕಾಡಂಚಿನ ಊರುಗಳಲ್ಲಿ ಸಾಕುನಾಯಿಯಿದೆ. ಪ್ರಾಣಿಶಾಸ್ತ್ರಜ್ಞರು ಈ ಮೂರನ್ನೂ ‘ಕಾರ್ನಿವೋರ’, ಅಂದರೆ ಮಾಂಸಾಹಾರಿಗಳು ಎಂಬ ಒಂದೇ ಗಣದಲ್ಲಿ ಇರಿಸಿದ್ದಾರೆ. ಗಣದ ಹೆಸರು ಒಂದೇ ಆದರೂ ಮೂರರ ಆಹಾರ ಮೂರು ಬಗೆ.

ಸೀಳುನಾಯಿ ಹಿಂಡಾಗಿ ಬೇಟೆಯಾಡಿ ಬದುಕುವ ಪ್ರಾಣಿ. ಅದೇ ಜಿಲ್ಲೆಯ ಬಂಡೀಪುರದಲ್ಲಿ 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಅವರು ನಡೆಸಿದ ಅಧ್ಯಯನವು ಚುಕ್ಕೆ ಜಿಂಕೆಯೇ ಅದರ ಮುಖ್ಯ ಆಹಾರವೆಂದು ತೋರಿಸಿತು. ಸಾಕುನಾಯಿಗೆ 42 ಹಲ್ಲುಗಳಾದರೆ ಸೀಳುನಾಯಿಗೆ 40. ಕೆಳದವಡೆಯ ಎರಡೂ ಬದಿಯಲ್ಲಿ ಒಂದೊಂದು ಅರೆಯುವ ಹಲ್ಲು ಕಡಿಮೆ. ಅರೆಯುವುದಕ್ಕಿಂತ ಕತ್ತರಿಸುವುದಕ್ಕೆ ಒಗ್ಗಿದ ಬಾಯಿ ಅದು. ಕರಡಿಯಾದರೋ ಅದೇ ಗಣದಲ್ಲಿದ್ದೂ ಗೆದ್ದಲು, ಇರುವೆ, ಜೇನು, ಕಾಡಿನ ಹಣ್ಣುಗಳನ್ನು ಅರಸುತ್ತದೆ. ಅದರ ಮೇಲ್ದವಡೆಯ ನಡುವೆ ಎರಡು ಬಾಚಿಹಲ್ಲುಗಳೇ ಇಲ್ಲ; ಆ ಸಂದಿಯಿಂದ ಗೆದ್ದಲನ್ನು ಹೀರಿಕೊಳ್ಳುತ್ತದೆ. ಗಣದ ಹೆಸರೊಂದನ್ನೇ ನೋಡಿ ಪ್ರಾಣಿಯ ಆಹಾರವನ್ನು ನಿರ್ಣಯಿಸಲಾಗದೆಂಬುದಕ್ಕೆ ಈ ಎರಡು ಪ್ರಾಣಿಗಳೇ ಸಾಕ್ಷಿ.

ಸಾಕುನಾಯಿ ಇವೆರಡರ ನಡುವೆ ನಿಲ್ಲುತ್ತದೆ. ಅದರ ಕೋರೆಹಲ್ಲು, ಮಾಂಸವನ್ನು ಕತ್ತರಿಸುವ ಹಲ್ಲು, ಗಿಡ್ಡವಾದ ಕರುಳು ಇವೆಲ್ಲ ತೋಳನ ವಂಶದಿಂದ ಬಂದ ಗುರುತುಗಳು. ಆದರೆ ಮನುಷ್ಯನ ಒಲೆಯ ಬಳಿ ಕಳೆದ ಸಾವಿರಾರು ವರ್ಷಗಳು ಅದರ ಒಳಗನ್ನು ಬದಲಿಸಿವೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಸ್ಪಷ್ಟಪಡಿಸಿತು. ಧಾನ್ಯದ ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ಕಿಣ್ವದ ಜೀನ್ ತೋಳನಲ್ಲಿ ಎರಡು ಪ್ರತಿಗಳಷ್ಟೇ ಇದ್ದರೆ, ಅವರು ಪರೀಕ್ಷಿಸಿದ ನಾಯಿಗಳಲ್ಲಿ 4ರಿಂದ 30 ಪ್ರತಿಗಳವರೆಗೆ ಇದ್ದವು. ಬೇಸಾಯಗಾರನ ಮನೆಯ ಅನ್ನವನ್ನೂ ಮುದ್ದೆಯನ್ನೂ ನಾಯಿಯ ದೇಹ ತನ್ನದಾಗಿಸಿಕೊಂಡಿದೆ.

ಆದುದರಿಂದ ನಾಯಿಯು ಮಾಂಸಾಹಾರಿ ಕುಲದಲ್ಲಿ ಹುಟ್ಟಿ, ಮನುಷ್ಯನ ಸಹವಾಸದಲ್ಲಿ ಮಿಶ್ರಾಹಾರಿಯಾದ ಪ್ರಾಣಿ. ಎದುರಿಗಿಟ್ಟರೆ ಅದು ಮಾಂಸವನ್ನು ಬಿಡದು; ಆದರೆ ಪೋಷಕಾಂಶಗಳೆಲ್ಲ ತುಂಬಿದ ಆಹಾರ ದೊರೆತರೆ ಮಾಂಸವಿಲ್ಲದೆಯೂ ಬಾಳಬಲ್ಲದು. ಬೆಕ್ಕಿನ ವಿಷಯ ಹೀಗಲ್ಲ. ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಲಾರದು. ಸಸ್ಯಗಳ ಕ್ಯಾರೋಟಿನ್ನಿನಿಂದ ‘ಎ’ ಜೀವಸತ್ವವನ್ನು ಮಾಡಿಕೊಳ್ಳಲಾರದು. ನಾಯಿಗೆ ಇವೆರಡೂ ಸಾಧ್ಯ. ನಾಯಿಗೆ ಅನ್ವಯಿಸುವ ಮಾತನ್ನು ಬೆಕ್ಕಿಗೆ ಅನ್ವಯಿಸಿದರೆ ಅದು ಆ ಜೀವಕ್ಕೆ ಬಗೆದ ದ್ರೋಹವಾದೀತು.

ಜೈನ ದರ್ಶನದ ಅನೇಕಾಂತವು ಇಲ್ಲಿ ನೆರವಿಗೆ ಬರುತ್ತದೆ. ವಂಶ ಮತ್ತು ಹಲ್ಲುಗಳ ಅಪೇಕ್ಷೆಯಿಂದ ನಾಯಿ ಮಾಂಸಾಹಾರಿ. ಜೀರ್ಣಶಕ್ತಿಯ ಅಪೇಕ್ಷೆಯಿಂದ ಮಿಶ್ರಾಹಾರಿ. ಆದರೆ ಎಲ್ಲವೂ ಒಂದರ್ಥದಲ್ಲಿ ಸರಿ ಎಂದು ಜಾರಿಕೊಳ್ಳುವುದು ಅನೇಕಾಂತವಲ್ಲ. ಯಾವ ಮಾತು ಯಾವ ಅಪೇಕ್ಷೆಯಿಂದ, ಯಾವ ಷರತ್ತಿನ ಮೇಲೆ ನಿಜವೆಂದು ನಿಖರವಾಗಿ ಹೇಳುವ ಶಿಸ್ತು ಅದು. ‘ನಾಯಿ ಮಾಂಸವಿಲ್ಲದೆ ಬಾಳಬಲ್ಲದು’ ಎಂಬುದು ಒಂದು ನಯ. ಪೂರ್ಣ ಪೋಷಣೆ ದೊರೆತರೆ ಎಂಬ ಷರತ್ತನ್ನು ಕಿತ್ತುಹಾಕಿ ಅದನ್ನೇ ಹಿಡಿದುಕೊಂಡರೆ ದುರ್ನಯವಾಗುತ್ತದೆ. ಬರಿಯ ಮಜ್ಜಿಗೆ ಅನ್ನದ ಮೇಲೆ ಬಡಕಲಾಗಿ, ಕೂದಲುದುರಿ, ಮೂಲೆಯಲ್ಲಿ ಬಿದ್ದಿರುವ ನಾಯಿ ಆ ದುರ್ನಯದ ಫಲ.

ಶಾಸ್ತ್ರವು ಈ ವಿಷಯದಲ್ಲಿ ಮೌನವಾಗಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿದ ಭಾರ ಹೊರಿಸುವುದು ಮತ್ತು ಅನ್ನಪಾನ ನಿರೋಧ. ಕೊಲ್ಲದವನೂ ಈ ಐದರಿಂದ ವ್ರತವನ್ನು ಕಳಂಕಗೊಳಿಸಬಲ್ಲನೆಂಬುದು ಆಚಾರ್ಯರ ಎಚ್ಚರಿಕೆ. ಕಂಬಕ್ಕೆ ಹಗಲಿರುಳೂ ಕಟ್ಟಿದ ನಾಯಿ ಮೊದಲನೆಯ ಅತಿಚಾರವನ್ನು ನೆನಪಿಸಿದರೆ, ಹೊಟ್ಟೆ ತುಂಬಿಯೂ ಪೋಷಣೆಯಿಲ್ಲದ ನಾಯಿ ಐದನೆಯದನ್ನು ನೆನಪಿಸುತ್ತದೆ. ದೇಹಕ್ಕೆ ಬೇಕಾದುದನ್ನು ತಡೆದು ಬೇರೆ ಏನನ್ನು ಎಷ್ಟು ಸುರಿದರೂ ಅದು ನಿರೋಧವೇ ಸರಿ.

ಪುರಾಣಗಳಲ್ಲಿ ಮಾಂಸವನ್ನು ತ್ಯಜಿಸಿದ ಸಿಂಹದ ಕಥೆಯಿದೆ. ಭಗವಾನ್ ಮಹಾವೀರರ ಜೀವವು ಹಿಂದಿನ ಒಂದು ಭವದಲ್ಲಿ ಸಿಂಹವಾಗಿದ್ದಾಗ, ಆಕಾಶಮಾರ್ಗದಲ್ಲಿ ಬಂದ ಚಾರಣ ಮುನಿಗಳ ಬೋಧೆಯಿಂದ ಎಚ್ಚೆತ್ತು ವ್ರತವನ್ನು ತಳೆಯಿತು. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವಿಗೂ ಸಮ್ಯಕ್ತ್ವ ಸಾಧ್ಯ, ಅಣುವ್ರತ ಸಾಧ್ಯ ಎಂಬ ಉದಾರ ತತ್ತ್ವ ಇದರ ಹಿಂದಿದೆ. ಆದರೆ ಗಮನಿಸಬೇಕಾದ ಸಂಗತಿಯೆಂದರೆ, ಮುನಿಗಳು ಸಿಂಹವನ್ನು ಹಿಡಿದು ಕಟ್ಟಿ ಗಂಜಿ ಕುಡಿಸಲಿಲ್ಲ. ಅರಿವು ಮೂಡಿಸಿದರು, ತ್ಯಾಗವನ್ನು ಸಿಂಹವೇ ಮಾಡಿತು. ವ್ರತವೆಂಬುದು ಒಳಗಿನಿಂದ ಹುಟ್ಟಬೇಕಾದುದು. ಒಬ್ಬರ ಪರವಾಗಿ ಇನ್ನೊಬ್ಬರು ಅದನ್ನು ಹಿಡಿಯಲಾಗದು. ಮಾಂಸವಿಲ್ಲದ ಬಟ್ಟಲಿನಿಂದ ಉಣ್ಣುವ ನಾಯಿ ವ್ರತಿಯಾಗುವುದಿಲ್ಲ; ವ್ರತ ಮನೆಯ ಯಜಮಾನನದು. ಆದುದರಿಂದ ಆ ವ್ರತದ ಶ್ರಮವೂ ಖರ್ಚೂ ಯಜಮಾನನದೇ ಆಗಬೇಕು, ನಾಯಿಯದಲ್ಲ.

ಜೀವಂಧರನ ಕಥೆಯೂ ಇಲ್ಲಿ ಸ್ಮರಣೀಯ. ಭಾಸ್ಕರ ಕವಿ 1424ರಲ್ಲಿ ಇದನ್ನು ಕನ್ನಡ ಷಟ್ಪದಿಗೆ ತಂದನು. ಯಾಗದ ಹವಿಸ್ಸಿಗೆ ಬಾಯಿ ಹಾಕಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಆ ನಾಯಿ ಬದುಕಿದ್ದಾಗ ಏನೇನು ತಿಂದಿತ್ತೆಂದು ರಾಜಕುಮಾರನು ವಿಚಾರಿಸಲಿಲ್ಲ. ಅದರ ಹಸಿವನ್ನೂ ನೋವನ್ನೂ ಕಂಡನು, ಅಷ್ಟೇ.

ಹಾಗಾದರೆ ಶ್ರಾವಕನು ನಾಯಿಗಾಗಿ ಮಾಂಸವನ್ನು ತರಬಹುದೇ? ತರಲಾಗದು. ತಾನು ಮಾಡುವುದು, ಮಾಡಿಸುವುದು, ಮಾಡುವವರನ್ನು ಅನುಮೋದಿಸುವುದು ಈ ಮೂರರಲ್ಲಿಯೂ ಕರ್ಮಬಂಧವಿದೆ. ನಾಯಿಗೆ ಮಾಂಸವಲ್ಲದೆ ಗತಿಯಿಲ್ಲ ಎಂಬ ವಾದವನ್ನು ಅದರ ದೇಹವೇ ಒಪ್ಪುವುದಿಲ್ಲ. ಆದರೆ ಬೇಡವೆಂದ ಮೇಲೆ ಅದರ ಸ್ಥಾನವನ್ನು ತುಂಬುವ ವಿದ್ಯೆ ಬೇಕು. ಜೈನ ವೈದ್ಯಾಚಾರ್ಯರ ಮಾರ್ಗವೂ ಇದೇ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವೂ, ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡದಲ್ಲಿ ಬರೆದ ‘ಕರ್ಣಾಟಕ ಕಲ್ಯಾಣಕಾರಕ’ವೂ ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ದೂರವಿಟ್ಟವು. ಆದರೆ ರೋಗಿಯನ್ನು ದೂರವಿಡಲಿಲ್ಲ. ಬೇರೆ ಔಷಧಗಳನ್ನು ವಿಧಿಸಿದವು. ಪೂಜ್ಯಪಾದರ ನೆನಪನ್ನು ಹೊತ್ತ ಮಲೆಯೂರಿನ ಕನಕಗಿರಿ ಇರುವುದೂ ಈ ಬೆಟ್ಟದ ಜಿಲ್ಲೆಯಲ್ಲಿಯೇ.

ಈ ವಿದ್ಯೆ ಮನೆಯ ಮಟ್ಟದಲ್ಲಿ ಕಠಿಣವಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೇರಳ; ಆದರೆ ಏಕದಳ ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಚೆನ್ನಾಗಿ ಬೆಂದ ಹುರುಳಿ, ತೊಗರಿ, ಅವರೆಕಾಳುಗಳು ಆ ಕೊರತೆಯನ್ನು ನೀಗುತ್ತವೆ. ಸಸ್ಯಗಳಲ್ಲಿ ಸಿಗದ ‘ಬಿ12’ ಜೀವಸತ್ವ ಹಾಲು ಮೊಸರಿನಲ್ಲಿದೆ. ಬೆಳೆದ ನಾಯಿಗಳಿಗೆ ಹಾಲಿಗಿಂತ ಮೊಸರು ಹೆಚ್ಚು ಒಗ್ಗುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ಅವೆರಡನ್ನೂ ವರ್ಜಿಸಿದ ಜೈನರ ಅಡುಗೆಮನೆ ಈ ಮಟ್ಟಿಗೆ ನಾಯಿಗೆ ಕ್ಷೇಮಕರ. ಆದರೆ ಪಾಯಸದ ದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ವಿಷವಾಗಬಲ್ಲದು. ಮರಿಗೆ, ಗಬ್ಬದ ನಾಯಿಗೆ, ಮುದಿನಾಯಿಗೆ ಬೇಕಾದ ಪ್ರಮಾಣ ಬೇರೆ ಬೇರೆ. ಇವನ್ನು ಊಹೆಗೆ ಬಿಡದೆ ಪಶುವೈದ್ಯರನ್ನು ಕೇಳುವುದು, ಬೇಕಾದ ಜೀವಸತ್ವಗಳನ್ನು ಅವರ ಸಲಹೆಯಂತೆ ಸೇರಿಸುವುದು ಕೂಡ ಅಹಿಂಸೆಯ ಆಚರಣೆಯೇ.

ಬೆಟ್ಟದ ತಪ್ಪಲಿನಲ್ಲಿ ಈ ಹೊಣೆ ಇನ್ನೂ ಭಾರವಾದುದು. ಅರೆಹೊಟ್ಟೆಯ ನಾಯಿಯನ್ನು ರಾತ್ರಿ ಬಿಚ್ಚಿಬಿಟ್ಟರೆ ಅದು ಕಾಡಿನ ದಾರಿ ಹಿಡಿಯುತ್ತದೆ; ಹಿಂಡು ಕಟ್ಟಿಕೊಂಡು ಮೊಲವನ್ನೋ ಜಿಂಕೆಯ ಮರಿಯನ್ನೋ ಅಟ್ಟುತ್ತದೆ. ಇಲ್ಲವೇ ತಾನೇ ಚಿರತೆಯ ಬಾಯಿಗೆ ಬಿದ್ದು, ಚಿರತೆಗೆ ಊರಿನ ದಾರಿಯನ್ನು ತೋರಿಸುತ್ತದೆ. ಲಸಿಕೆಯಿಲ್ಲದ ನಾಯಿಯಿಂದ ಡಿಸ್ಟೆಂಪರ್, ರೇಬಿಸ್ ರೋಗಗಳು ಸೀಳುನಾಯಿಗಳಿಗೂ ತಗಲಬಹುದು. ಗುಜರಾತಿನ ಗಿರ್ ಅರಣ್ಯದಲ್ಲಿ 2018ರಲ್ಲಿ ಸಿಂಹಗಳು ಸಾಲಾಗಿ ಸತ್ತಾಗ, ನಾಯಿಗಳನ್ನು ಕಾಡುವ ಇದೇ ಡಿಸ್ಟೆಂಪರ್ ವೈರಾಣು ಅವುಗಳ ದೇಹದಲ್ಲಿ ಪತ್ತೆಯಾಯಿತು. ಮನೆಯೊಳಗೆ ಮಾಂಸ ಬರಲಿಲ್ಲವೆಂದು ನೆಮ್ಮದಿಯಿಂದ ಮಲಗಿದ ಯಜಮಾನನ ನಾಯಿ ಬೇಲಿಯಾಚೆ ಜಿಂಕೆಮರಿಯನ್ನು ಸೀಳುತ್ತಿದ್ದರೆ ಆ ನೆಮ್ಮದಿಗೆ ಆಧಾರವೆಲ್ಲಿ? ಜೈನಾಚಾರ್ಯರು ಹಿಂಸೆಯ ಮೂಲವನ್ನು ಗುರುತಿಸಿದ್ದು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ. ಸೀಳುನಾಯಿಯು ಜಿಂಕೆಯನ್ನು ಕೊಲ್ಲುವುದು ಅದರ ಪರ್ಯಾಯಕ್ಕೆ ಅನುಗುಣವಾದ ಬಾಳು. ಸಾಕುನಾಯಿ ಕೊಲ್ಲುವಾಗ ಅದರಲ್ಲಿ ಸಾಕಿದವನ ಪ್ರಮಾದವೂ ಸೇರಿರುತ್ತದೆ.

ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಶ್ರಾವಕಾಚಾರಗಳು ಅನರ್ಥದಂಡದಲ್ಲಿ ಎಣಿಸಿರುವುದು ಈ ದೃಷ್ಟಿಯಿಂದಲೇ. ಅದು ನಾಯಿಯ ಮೇಲಿನ ದ್ವೇಷವಲ್ಲ. ನಿಭಾಯಿಸಲಾಗದ ಹೊಣೆಯನ್ನು ಹವ್ಯಾಸಕ್ಕಾಗಿ ಹೊರಬೇಡ ಎಂಬ ಹಿತವಚನ. ಸಮಯವೂ ತಿಳಿವಳಿಕೆಯೂ ಇಲ್ಲದವನು ನಾಯಿಯನ್ನು ಸಾಕದಿರುವುದೇ ಮೇಲು. ಬಾಗಿಲಿಗೆ ಬಂದ ಅನಾಥ ಜೀವವನ್ನು ಒಳಗೆ ಕರೆದುಕೊಂಡವನು ಅದರ ಆಹಾರ, ಲಸಿಕೆ, ಓಡಾಟ, ರಾತ್ರಿಯ ನೆಲೆ ಎಲ್ಲಕ್ಕೂ ಬದ್ಧನು. ನೆರೆಮನೆಯವರು ತಮ್ಮ ನಾಯಿಗೆ ಏನನ್ನು ಹಾಕುತ್ತಾರೆಂದು ಹಳಿಯುವುದು ಅವನ ಕೆಲಸವಲ್ಲ. ತನ್ನ ಮನೆಯ ನಾಯಿಯ ಕಣ್ಣು ಹೊಳೆಯುತ್ತಿದೆಯೇ, ಮೈಕೂದಲು ನುಣುಪಾಗಿದೆಯೇ, ಪಕ್ಕೆಲುಬು ಎದ್ದು ಕಾಣುತ್ತಿದೆಯೇ ಎಂದು ದಿನವೂ ನೋಡುವುದು ಅವನ ಕೆಲಸ. ಶ್ರಾವಕನ ವ್ರತ ನಿರ್ಮಲವಾಗಿ ಉಳಿದಿದೆಯೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ.